ಗೋಮಾನ ಬಂಡೆಗೆ ಹೆಸರಿಲ್ಲವಂತೆ

'ಹೆಸರಿಲ್ಲದ, ಯಾರೂ ಬಳಸದ ಬಂಡೆಗಳು' ಎಂಬ ಸಾಲು ಓದಿ ತ್ರಿವೇಣಿಗೆ ಮೈಯೆಲ್ಲ ಉರಿದುಹೋಯಿತು. ಪುಣೆಯ ಆ ಸಂಗ್ರಹಾಲಯದಲ್ಲಿ ಕೊಂಕಣ ಕರಾವಳಿಯ ಚರಿತ್ರೆ ಹೇಳುವ ಹೊಸ ಕೋಣೆಗೆ ಫಲಕಗಳನ್ನು ಬರೆದವಳು ಅವಳೇ. ಬೆಂಕಿಯ ರಸ ಹರಿದು ಕಪ್ಪುಕಲ್ಲಾದದ್ದು, ಸಮುದ್ರ ಅದನ್ನು ಯುಗಯುಗ ಕಡಿದು ಹಲ್ಲುಹಲ್ಲು ಮಾಡಿದ್ದು, ಸಂದಿಯ ಏಡಿ, ನೆತ್ತಿಯ ಕಡಲಹದ್ದು, ಎಲ್ಲವನ್ನೂ ಹಾಗೇ ಬಿಟ್ಟಿದ್ದರು. ನೀರು ಇಳಿದಾಗ ಬಂಡೆಗೆ ಬಂದು, ಚಿಪ್ಪು ಒಡೆದು, ಒಳಗಿನ ಮಾಂಸ ಮಾರಿ ಬದುಕುವ ಬೆಸ್ತ ಹೆಂಗಸರ ಫಲಕವನ್ನು ಮಾತ್ರ ಕಿತ್ತು ಈ ಸಾಲು ಅಂಟಿಸಿದ್ದರು.

ಕೋಣೆಗೆ ಹಣ ಕೊಟ್ಟದ್ದು ಅದೇ ದಂಡೆಯಲ್ಲಿ ಜೆಟ್ಟಿ ಕಟ್ಟಲು ಹೊರಟ ಕಂಪನಿ. ಅದಕ್ಕೆ ಬಂಡೆಗಳನ್ನು ಸಿಡಿಸಬೇಕಿತ್ತು. ಹೆಸರಿಲ್ಲದ್ದನ್ನು ಒಡೆದರೆ ಕೇಳುವವರು ಯಾರು? ಕಂಪನಿಯ ಅಧಿಕಾರಿ ಕಿಶೋರ ನಯವಾಗಿಯೇ ಹೇಳಿದ: ಸರ್ವೆಯವರು ಬಂಡೆಯ ಮೇಲಿದ್ದ ಹೆಂಗಸನ್ನೇ ಅದರ ಹೆಸರು ಕೇಳಿದ್ದರಂತೆ. ಅವಳು ತಲೆ ತಗ್ಗಿಸಿ ನಕ್ಕಳಂತೆ, ಹೆಸರು ಹೇಳಲಿಲ್ಲವಂತೆ. ಸಂಗ್ರಹಾಲಯದ ಮುಖ್ಯಸ್ಥ ಓಂಕಾರ್ ಕೋಲೆಬಸವನಂತೆ ತಲೆಯಾಡಿಸಿದ.

ಆ ಹೆಂಗಸು ಅನುಸೂಯಾ. ತ್ರಿವೇಣಿ ಮಾಹಿತಿಗೆ ಹೋದಾಗ ಅವಳ ಮನೆಯಲ್ಲೇ ಉಂಡಿದ್ದಳು. ಆಗಲೂ ಬಂಡೆಯ ಹೆಸರು ಹೇಳಿದ್ದು ಅವಳ ಮೈದುನ: ಗೋಮಾನ ಬಂಡೆ. ಅವರ ಮುತ್ತಜ್ಜ ಗೋಮಾ ದೋಣಿ ಒಡೆದು ಸತ್ತ ಜಾಗವದು. ಅವನ ಹೆಸರನ್ನೇ ಅನುಸೂಯಾಳ ಗಂಡನಿಗೂ ಇಟ್ಟಿದ್ದರು. ಗಂಡನ ಹೆಸರನ್ನು ಅವಳು ಪರ ಗಂಡಸರ ಮುಂದೆ ಹೇಗೆ ಬಾಯಿಬಿಟ್ಟು ಹೇಳಿಯಾಳು? ಪುಣೆಯ ಖಡಕಿ ಬಡಾವಣೆಯ ಮನೆಯಲ್ಲಿ ತ್ರಿವೇಣಿಯ ಅತ್ತೆ ಗೌರಾಬಾಯಿ ಕೂಡ ಅಷ್ಟೇ. ವಿಜಯಪುರದಿಂದ ಬಂದು ಇಲ್ಲೇ ಮುದುಕಿಯಾದರೂ ಬ್ಯಾಂಕಿನವರು ಗಂಡನ ಹೆಸರು ಕೇಳಿದರೆ ಸೊಸೆಯ ಮುಖ ನೋಡುತ್ತಾರೆ. ಒಬ್ಬ ಹೆಂಗಸಿನ ನಾಚಿಕೆಯನ್ನೇ ಸಾಕ್ಷಿ ಮಾಡಿಕೊಂಡು ಇಡೀ ಊರಿನ ಅನ್ನಕ್ಕೆ ಕಲ್ಲು ಹಾಕುವ ಈ ಜಾಣತನಕ್ಕೆ ಏನೆನ್ನಬೇಕು!

ಮನೆಗೆ ಬಂದು ಇದನ್ನು ಹೇಳುವಾಗ ತ್ರಿವೇಣಿಗೆ ಸಿಟ್ಟಿಗೆ ಅಳುವೇ ಬಂತು. ಅಕ್ಕಿ ಆರಿಸುತ್ತಿದ್ದ ಗೌರಾಬಾಯಿ ಮೊರ ಕೆಳಗಿಟ್ಟರು.

"ಹಂಗ ಕೇಳಿದ್ರ ಯಾರ ಹೇಳ್ತಾರವಾ? ಆಕಿನ್ನ ಕರಸು. ಉಡಿ ತುಂಬೂಣು. ಒಡಪು ಹೇಳಂದ್ರ ಹೇಳೇ ಹೇಳ್ತಾಳ."

ಗಂಡನ ಹೆಸರು ಹೇಳಲು ಹೆಂಡತಿಗೆ ಇರುವ ದಾರಿ ಅದೊಂದೇ, ಪ್ರಾಸ ಕಟ್ಟಿದ ಒಡಪು. ಕೊಂಕಣದಲ್ಲೂ ಅದೇ ರೂಢಿ.

ಉದ್ಘಾಟನೆಯ ದಿನ ಅನುಸೂಯಾ ಗಂಡನ ಜೊತೆ ಬಂದಳು. ರಿಬ್ಬನ್ ಕತ್ತರಿಸಿದ್ದಾದ ಮೇಲೆ ಗೌರಾಬಾಯಿ ಆ ಫಲಕದ ಮುಂದೆಯೇ ಚಾಪೆ ಹಾಸಿ, ಅವಳನ್ನು ಕೂರಿಸಿ, ಕುಂಕುಮವಿಟ್ಟು, ಅಕ್ಕಿ, ಕಾಯಿ, ಕುಪ್ಪಸದ ಕಣದಿಂದ ಉಡಿ ತುಂಬಿದರು. ಕಿಶೋರ ಇದನ್ನೂ ಸಾಂಸ್ಕೃತಿಕ ಕಾರ್ಯಕ್ರಮವೆಂದೇ ತಿಳಿದು ಪತ್ರಕರ್ತರನ್ನು ಹತ್ತಿರ ಕರೆದ. ಅನುಸೂಯಾ ಮರಾಠಿಯಲ್ಲಿ ಒಡಪು ಹೇಳಿದಳು. ತ್ರಿವೇಣಿ ಅದನ್ನು ಮನಸ್ಸಿನಲ್ಲೇ ಅತ್ತೆಯ ಕನ್ನಡಕ್ಕೆ ತಿರುಗಿಸಿಕೊಂಡಳು:

"ಉಬ್ಬರಕ್ಕ ಮುಳುಗತದ, ಇಳಿತಕ್ಕ ಏಳತದ,
ಗೋಮಾನ ಬಂಡೀ ಮ್ಯಾಲ ನಮ್ಮ ಸಂಸಾರ ನಡೀತದ."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಕಿಶೋರನೇ. ಹಾಗಾದರೆ ಫಲಕ ತಿದ್ದೋಣವೇ ಎಂದು ತ್ರಿವೇಣಿ ಎಲ್ಲರೆದುರು ಕೇಳಿದಳು. ಅವನ ಕೈ ಅಲ್ಲೇ ನಿಂತಿತು. ಹಾಡು ಚೆನ್ನಾಗಿದೆ, ಆದರೆ ಪ್ರಾಸಕ್ಕೆ ಹೇಳಿದ್ದೆಲ್ಲ ದಾಖಲೆಯಾಗುವುದಿಲ್ಲ ಎಂದ.

ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅನುಸೂಯಾ ಎದ್ದು ನಿಂತಳು. ಈ ಸಲ ಪ್ರಾಸವಿರಲಿಲ್ಲ, ತಲೆಯೂ ತಗ್ಗಲಿಲ್ಲ.

"ಗೋಮಾ," ಎಂದಳು. "ಅದು ಗೋಮಾನ ಬಂಡೆ. ಬರೆದುಕೊಳ್ಳಿ."

ಪತ್ರಕರ್ತರು ಬರೆದುಕೊಂಡರು. ಹೆಂಡತಿಯ ಬಾಯಲ್ಲಿ ಮೊದಲ ಸಲ ತನ್ನ ಹೆಸರನ್ನು ಬಿಡಿಯಾಗಿ ಕೇಳಿದ ಗಂಡ, ಬಾಗಿಲಲ್ಲಿ ನಿಂತವನು, ಕರೆದಳೆಂದೇ ತಿಳಿದು "ಓ" ಎಂದ.