ಎಡಗಡೆಯ ಮುಂದಿನ ಹಿಡಿ

ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಇಕ್ಕಟ್ಟಾದ ಕವಲು, ಫಿಯರ್ಡಿನ ತುದಿಗೆ ಹೋಗಿ ಹಡಗು ನಿಂತುಬಿಟ್ಟಿತ್ತು. ಡೆಕ್ಕಿನ ಮೇಲೆ ಮೀನಿನ ಸಾರು ಹಂಚುತ್ತಿದ್ದರು. ಎರಡೂ ಕಡೆ ಹಿಮ ಹಿಡಿದ ಬಂಡೆ ನೆಟ್ಟಗೆ ಎದ್ದಿತ್ತು. ಪ್ರವಾಸಿಗರು ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಕತ್ತು ನೋಯುವಷ್ಟು ತಲೆಯೆತ್ತಿ ನೋಡುತ್ತಿದ್ದರು. ಗುನ್ವೋರ್ ಒಬ್ಬಳು ಮಾತ್ರ ಗಡಿಯಾರ ನೋಡುತ್ತಿದ್ದಳು. ಆ ಮಧ್ಯಾಹ್ನ ಸ್ಕಾರ್ವಾಯ್ ದ್ವೀಪದ ಚರ್ಚಿನಲ್ಲಿ ಅವಳ ಅಪ್ಪನನ್ನು ಮಣ್ಣು ಮಾಡುವುದಿತ್ತು.

ಒಂದು ಕಾಲದಲ್ಲಿ ಈ ಹಡಗಿಗೆ ಬಂಡೆ ನೋಡುತ್ತ ನಿಲ್ಲುವಷ್ಟು ಪುರುಸೊತ್ತು ಇರಲಿಲ್ಲ. ಅಂಚೆ, ಉಪ್ಪು, ಹಸು, ಹೆರಿಗೆಗೆ ಹೊರಟ ಹೆಂಗಸರು, ಮದುವೆಗೆ ಹೊರಟ ಗಂಡು, ಎಲ್ಲವನ್ನೂ ತುಂಬಿಕೊಂಡು ಊರಿಂದೂರಿಗೆ ಓಡುತ್ತಿತ್ತು. ಈಗಲೂ ಅದೇ ಊರುಗಳಿಗೇ ಹೋಗುತ್ತದೆ, ಆದರೆ ಊರಿನವರ ಗರಜು ಅದಕ್ಕಿಲ್ಲ. ಊಟದ ಮನೆಯಲ್ಲಿ ಮೂರು ಬಗೆಯ ಕೇಕು, ಮೇಲೆ ಬಿಸಿನೀರಿನ ತೊಟ್ಟಿ, ಅದರೊಳಗೆ ಕೆಂಪಗೆ ಬೆಂದ ಮುದುಕರು. ಪ್ರವಾಸಿಗರ ಕಣ್ಣಿಗೆ ಹಬ್ಬವಾಗಲಿ ಅಂತ ದಾರಿ ಬಿಟ್ಟು ಫಿಯರ್ಡಿಗೆ ನುಗ್ಗುವುದು ಕ್ಯಾಪ್ಟನ್‌ನ ಮರ್ಜಿ. ಗುನ್ವೋರ್ ಇದನ್ನೆಲ್ಲ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದಳು. ಬೈಯುವುದಕ್ಕೆ ಒಂದು ಹಡಗು ಸಿಕ್ಕಿದ್ದು ಅವಳಿಗೆ ಒಳಗೊಳಗೇ ಅನುಕೂಲವೂ ಆಗಿತ್ತು.

ವಿಮಾನವಿತ್ತು. ಅವಳು ವಾಸವಿದ್ದ ಬರ್ಗನ್ ನಗರದಿಂದ ಹೊರಟು, ನಡುವೆ ಒಮ್ಮೆ ಇಳಿದು ಹತ್ತಿದರೆ, ಹಿಂದಿನ ದಿನವೇ ಮನೆಯಲ್ಲಿ ಇರಬಹುದಿತ್ತು. ಚಿಕ್ಕ ವಿಮಾನ ಅಂದರೆ ಭಯ ಎಂದು ಅವಳು ತಮ್ಮನಿಗೆ ಹೇಳಿದ್ದಳು. ಅಪ್ಪ ಹೋದ ಸುದ್ದಿ ಬಂದ ದಿನ ಇರುವ ದಾರಿಗಳಲ್ಲೆಲ್ಲ ತೀರಾ ನಿಧಾನದ್ದನ್ನು ಆರಿಸಿ ಟಿಕೆಟ್ ಮಾಡಿಸಿದವಳು ತಾನೇ ಎಂಬುದನ್ನು ಅವಳು ಆಗಲೇ ಮರೆತಿದ್ದಳು. ಮರೆಯಬೇಕಾದ್ದನ್ನು ಮರೆಯುವುದರಲ್ಲಿ ಗುನ್ವೋರ್‌ಳದು ಎತ್ತಿದ ಕೈ.

ಅಮ್ಮ ಸತ್ತಾಗ ಅವಳು ಬಂದೇ ಇರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅಪ್ಪ ಪೇದರ್ ಫೋನಿನಲ್ಲಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಲು ಬಾರದವಳು ಎಂಥ ಮಗಳು ಎಂದು ಕೇಳಿದ್ದ. ಇವಳೂ ಬಾಯಿಗೆ ಬಂದದ್ದು ಅಂದು ಫೋನು ಕುಕ್ಕಿದ್ದಳು. ಆಮೇಲೆ ಅಮ್ಮ ಹೋದಳು. ಮಗಳು ಬರಲಿ ಎಂದು ಶವಪೆಟ್ಟಿಗೆಯನ್ನು ಚರ್ಚಿನ ಪಕ್ಕದ ತಣ್ಣನೆಯ ಕೋಣೆಯಲ್ಲಿಟ್ಟು ಕಾದರು. ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎಂದು ವಾರ ಕಳೆದಳು. ಕೊನೆಗೆ ಗಾಳಿ ಜಾಸ್ತಿ, ವಿಮಾನ ಹಾರುತ್ತಿಲ್ಲ ಎಂದಳು. ಅವತ್ತು ಊರಿನಲ್ಲಿ ಒಂದು ಎಲೆಯೂ ಅಲುಗಿರಲಿಲ್ಲ. ದ್ವೀಪದ ಜನ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಮುಂದೆಂದೂ ಅವಳ ಸುದ್ದಿ ಎತ್ತಲಿಲ್ಲ, ಅಷ್ಟೇ.

ಹೀಗಿರುವಾಗ ಪೇದರ್ ಸಾಯುವ ಮುಂಚೆ ಮಗನನ್ನು ಕರೆದು ಒಂದು ಮಾತು ಹೇಳಿದ್ದ. ಆ ಕಡೆ ಶವಪೆಟ್ಟಿಗೆಗೆ ಆರು ಹಿಡಿಗಳು, ಆರು ಜನ ಹೊರುತ್ತಾರೆ. ಮುಂದಿನ, ಅಂದರೆ ತಲೆಯ ಕಡೆಯ, ಎರಡು ಹಿಡಿ ಮಕ್ಕಳಿಗೆ. ಹಿಂದೆಲ್ಲ ಗಂಡಸರೇ ಹೊರುತ್ತಿದ್ದರು, ಈಗ ಹೆಣ್ಣುಮಕ್ಕಳೂ ಹೊರುತ್ತಾರೆ. ತಮ್ಮ ಓಡ್ಲೈಫ್ ಅಪ್ಪನ ಮಾತನ್ನು ಇದ್ದದ್ದು ಇದ್ದ ಹಾಗೆ ಫೋನಿನಲ್ಲಿ ಒಪ್ಪಿಸಿದ್ದ: "ಎಡಗಡೆ ಮುಂದಿನ ಹಿಡಿ ಗುನ್ವೋರ್‌ಗೆ. ಬದುಕಿದ್ದಾಗ ಕೈ ಹಿಡೀಲಿಲ್ಲ, ಪೆಟ್ಟಿಗೆಗಾದ್ರೂ ಕೈ ಕೊಡ್ಲಿ."

ಇದು ಚುಚ್ಚು ಮಾತೋ, ಕ್ಷಮೆಯೋ ಎಂದು ಅವಳು ಮೂರು ರಾತ್ರಿ ಹಡಗಿನ ಹಾಸಿಗೆಯಲ್ಲಿ ಹೊರಳಾಡಿದ್ದಳು. ಅಪ್ಪನ ಸ್ವಭಾವಕ್ಕೆ ಎರಡೂ ಆಗಿರಬಹುದು. ಏನೇ ಆಗಲಿ, ಒಂದನ್ನು ಗಟ್ಟಿ ಮಾಡಿಕೊಂಡಿದ್ದಳು: ಊರೆಲ್ಲ ನೋಡುತ್ತಿರುವಾಗ ಆ ಹಿಡಿಯನ್ನು ತಾನು ಹಿಡಿಯಬೇಕು. ಚರ್ಚಿನ ಬಾಗಿಲಿನಿಂದ ಗುಂಡಿಯವರೆಗೆ ಅಷ್ಟು ದೂರ ಹೊತ್ತುಬಿಟ್ಟರೆ ಅಮ್ಮನ ಲೆಕ್ಕವೂ ಚುಕ್ತಾ ಆಗುತ್ತದೆ ಎಂದು ಅವಳಿಗೆ ಆಸೆ. ಬೇರೆ ಇನ್ನೇನೂ ಅವಳಿಗೆ ಬೇಕಿರಲಿಲ್ಲ.

ಸಾರು ಮುಗಿಯುವಷ್ಟರಲ್ಲಿ ಹಿಮ ಬೀಳತೊಡಗಿತು. ಮೊದಲು ಸಣ್ಣಗೆ, ಆಮೇಲೆ ಫಿಯರ್ಡಿನ ಬಾಯಿಯೇ ಕಾಣದ ಹಾಗೆ ದಟ್ಟವಾಗಿ. ಎದುರಿನಿಂದ ಮೀನುದೋಣಿಗಳ ಸಾಲು ಬರುತ್ತಿದೆ, ಅಷ್ಟು ಇಕ್ಕಟ್ಟಿನಲ್ಲಿ ಕಣ್ಣು ಕಟ್ಟಿಕೊಂಡು ಹೋಗುವಂತಿಲ್ಲ, ಸ್ವಲ್ಪ ಹೊತ್ತು ಇಲ್ಲೇ ಇರೋಣ ಎಂದು ಕ್ಯಾಪ್ಟನ್ ಇಂಪಾದ ದನಿಯಲ್ಲಿ ಮೈಕಿನಲ್ಲಿ ಸಾರಿದ. ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಗುನ್ವೋರ್ ದಡದಡನೆ ಕೆಳಗಿಳಿದು ಕೌಂಟರಿನ ಹುಡುಗಿಗೆ ತನ್ನ ಅವಸರ ತಿಳಿಸಿದಳು. ಹುಡುಗಿ ತಲೆ ಓರೆ ಮಾಡಿ ನಿಜಕ್ಕೂ ಮರುಗಿದಳು. ಮರುಗಿ, ವಾಫಲ್ ತಿಂಡಿ ಮತ್ತು ಕಾಫಿಗೆ ಒಂದು ಬಿಟ್ಟಿ ಚೀಟಿ ಕೊಟ್ಟಳು. ಅಪ್ಪನ ಸಾವಿಗೆ ವಾಫಲ್. ಗುನ್ವೋರ್ ಚೀಟಿಯನ್ನು ಮುದುರಿ ಕೋಟಿನ ಜೇಬಿಗೆ ತುರುಕಿದಳು.

ತಮ್ಮನಿಗೆ ಫೋನು ಮಾಡಿದಳು. ಓಡ್ಲೈಫ್ ಸ್ಕಾರ್ವಾಯ್‌ನಲ್ಲಿ ಹಡಗುಗಳು ತಂಗುವ ಧಕ್ಕೆಯ ಕೆಲಸಗಾರ. ಹಡಗು ಬಂದಾಗ ಹಗ್ಗ ಹಿಡಿದು ಗೂಟಕ್ಕೆ ಕಟ್ಟುವವನು ಅವನೇ. ಹಾಗಾಗಿ ಹಡಗು ತಡ ಎಂಬುದು ಅವಳಿಗಿಂತ ಮುಂಚೆ ಅವನಿಗೆ ತಿಳಿದಿತ್ತು.

"ಗೊತ್ತು," ಎಂದ.

"ಕಾಯ್ತೀರಲ್ಲ?"

ಅವನು, "ನಿನ್ನ ಜಾಗ ಯಾರಿಗೂ ಕೊಡಲ್ಲ. ಮಾತು ಕೊಟ್ಟಿದೀನಿ ಅಪ್ಪಂಗೆ," ಎಂದ.

ಅವಳಿಗೆ ಅಷ್ಟೇ ಸಾಕಾಗಿತ್ತು. ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟಿಲ್ಲ ಎಂಬುದು ಅವಳ ತಲೆಗೆ ಹೋಗಲಿಲ್ಲ, ಅಥವಾ ಹೋಗಲು ಅವಳು ಬಿಡಲಿಲ್ಲ. ಕೋಣೆಗೆ ಹೋಗಿ ಕಪ್ಪು ಉಡುಪು ಹಾಕಿಕೊಂಡು, ಪೆಟ್ಟಿಗೆ ಹಿಡಿದಾಗ ಜಾರದಂಥ ಚರ್ಮದ ಕೈಗವಸು ತೊಟ್ಟು, ಡೆಕ್ಕಿಗೆ ಬಂದು ನಿಂತಳು.

ಹಿಮ ನಿಂತು, ಹಡಗು ಫಿಯರ್ಡಿನಿಂದ ಹೊರಬಿದ್ದು, ಸ್ಕಾರ್ವಾಯ್ ಕಡೆಯ ಜಲಸಂಧಿಗೆ ತಿರುಗುವ ಹೊತ್ತಿಗೆ ಬಿಸಿಲು ಬಿದ್ದಿತ್ತು. ಎಂಥ ಬಿಸಿಲು! ದಡದುದ್ದಕ್ಕೂ ಕೆಂಪು ಮನೆಗಳು, ಮರದ ಚಪ್ಪರಗಳಲ್ಲಿ ಒಣಗಲು ತೂಗುಹಾಕಿದ ಕಾಡ್ ಮೀನು, ಹಿಂದೆ ಬೆಳ್ಳಗೆ ಬೆಟ್ಟ. ಊಟದ ಮೇಜಿನಲ್ಲಿ ಅವಳ ಎದುರು ಕೂರುತ್ತಿದ್ದ ಹೆಡ್ವಿಗ್ ಎಂಬ ಜರ್ಮನಿಯ ವಿಧವೆ ದುರ್ಬೀನು ಹಿಡಿದು ಪಕ್ಕಕ್ಕೆ ಬಂದಳು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಪ್ರತಿ ಮನೆಗೂ ಬಾವುಟದ ಕಂಬವಿದೆ, ಆದರೆ ಎಲ್ಲ ಬಾವುಟಗಳೂ ಅರ್ಧದಲ್ಲೇ ನಿಂತಿವೆ, ಹಗ್ಗ ಸಿಕ್ಕಿಹಾಕಿಕೊಂಡಿದೆಯೇ ಎಂದು ಕೇಳಿದಳು.

ಗುನ್ವೋರ್‌ಳ ಎದೆ ಹಗುರಾಯಿತು. ಜಲಸಂಧಿಯ ಎರಡೂ ದಡದಲ್ಲಿ, ಕಣ್ಣು ಹಾಯುವವರೆಗೂ, ಬಾವುಟಗಳು ಅರ್ಧಕ್ಕೆ ಇಳಿದಿದ್ದವು. ಊರಿನಲ್ಲಿ ಯಾರನ್ನಾದರೂ ಮಣ್ಣು ಮಾಡುವ ದಿನ ಬೆಳಗಿನಿಂದ ಹಾಗಿರುತ್ತದೆ. ಪೆಟ್ಟಿಗೆ ಗುಂಡಿಗಿಳಿದು ಕೆಲಸ ಮುಗಿದ ಮೇಲೇ ತುದಿಗೆ ಏರಿಸುವುದು. ಇನ್ನೂ ಅರ್ಧದಲ್ಲಿವೆ ಎಂದರೆ ಅಪ್ಪ ಇನ್ನೂ ಮೇಲಿದ್ದಾನೆ. ಕಾದಿದ್ದಾರೆ. ಅವಳಿಗೆ ತಮ್ಮನ ಮೇಲೆ ಎಂದೂ ಬಾರದ ಪ್ರೀತಿ ಉಕ್ಕಿ ಬಂತು. ಆ ಜರ್ಮನ್ ಹೆಂಗಸಿನ ಕೈಯನ್ನೇ ಹಿಡಿದು, ಅವು ತನ್ನ ಅಪ್ಪನಿಗಾಗಿ ಎಂದು ಹೇಳಬೇಕೆನ್ನಿಸಿತು.

ಹೇಳಲು ಬಾಯಿ ತೆರೆದಳು. ಆಗಲೇ ಚರ್ಚಿನ ಪಕ್ಕದ ಕಂಬದಲ್ಲಿ ಬಾವುಟ ಅಲುಗಿತು. ನಿಧಾನವಾಗಿ ಮೇಲೆ ಹೋಯಿತು, ತುದಿಗೆ ಹೋಗಿ ನಿಂತಿತು. ಅದನ್ನು ನೋಡಿ ಪಕ್ಕದ ಮನೆಯವರು ಏರಿಸಿದರು. ಅದನ್ನು ನೋಡಿ ಅದರಾಚೆಯವರು. ಹಾಗೆ ಮನೆಯಿಂದ ಮನೆಗೆ, ದಡದುದ್ದಕ್ಕೂ, ಹಡಗಿನ ಎದುರಿಗೇ ಬಾವುಟಗಳು ಏರುತ್ತ ಬಂದವು. ಆಚೆ ದಡದಲ್ಲೂ ಏರಿದವು.

"ನಮಗೆ ಸ್ವಾಗತ ಮಾಡ್ತಿದಾರೆ ನೋಡಿ," ಎಂದಳು ಹೆಡ್ವಿಗ್. ಡೆಕ್ಕಿನ ತುಂಬ ಜನ ಕೈ ಬೀಸತೊಡಗಿದರು. ಯಾರೋ ಮಗುವನ್ನು ಹೆಗಲಿಗೆ ಹತ್ತಿಸಿಕೊಂಡು ಅದರ ಕೈಯಲ್ಲೂ ಬೀಸಿಸಿದರು. ಗುನ್ವೋರ್ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

ಹಡಗು ಧಕ್ಕೆಗೆ ತಾಗುವಾಗ ಅವಳು ಕೆಳಗಿನ ಬಾಗಿಲಲ್ಲಿ ಚೀಲ ಹಿಡಿದು ತಯಾರಾಗಿದ್ದಳು. ಧಕ್ಕೆಯ ಮೇಲೆ ಓಡ್ಲೈಫ್ ಒಬ್ಬನೇ ಇದ್ದ. ಅಪ್ಪನದೇ ಇರಬೇಕು, ತೋಳು ಗಿಡ್ಡವಾದ ಕಪ್ಪು ಸೂಟು. ಅದರ ಮೇಲೆ ಕೆಲಸದ ಕಿತ್ತಳೆ ಬಣ್ಣದ ಅಂಗಿ. ಹೊಳಪು ಮಾಡಿದ ಬೂಟಿಗೆ ಹಸಿ ಮಣ್ಣು ಮೆತ್ತಿತ್ತು. ಹಡಗಿನಿಂದ ಎಸೆದ ಹಗ್ಗವನ್ನು ಎಳೆದು, ಅದರ ಕುಣಿಕೆಯನ್ನು ಗೂಟಕ್ಕೆ ಹಾಕಿ, ಅಂಗೈ ಒರೆಸಿಕೊಂಡು ಅಕ್ಕನ ಕಡೆ ತಿರುಗಿದ. ಇಳಿಯುವ ಹಲಗೆ ಅವರಿಬ್ಬರ ನಡುವೆ ಇತ್ತು.

ಕಾಯುತ್ತೇನೆ ಎಂದು ಹೇಳಿ ಮೋಸ ಮಾಡಿದೆ ಎಂದಳು ಗುನ್ವೋರ್. ಕಾಯುತ್ತೇನೆ ಎಂದು ತಾನು ಹೇಳಲೇ ಇಲ್ಲ ಎಂದ ಅವನು. ತಡವಾದ ಹಡಗು ಬರುವ ಹೊತ್ತೂ ಅಪ್ಪನನ್ನು ಇಳಿಸುವ ಹೊತ್ತೂ ಒಂದೇ ಆಗುತ್ತಿತ್ತು, ಹಗ್ಗ ಹಿಡಿಯುವ ಕೆಲಸ ಬಲ್ಲ ಬೇರೆ ಆಳು ಊರಿನಲ್ಲಿ ಇಲ್ಲ, ಹಾಗಾಗಿ ಪಾದ್ರಿಗೆ ಹೇಳಿ ಬೇಗ ಮುಗಿಸಿದೆವು ಎಂದ. ಎಂದವನು ಕಣ್ಣು ಕೆಳಗೆ ಹಾಕಿದ. ತನ್ನ ಮಾತು ತನಗೇ ಸಾಲದೆಂದು ಅವನಿಗೆ ಅನ್ನಿಸಿರಬೇಕು.

"ಅದಲ್ಲ," ಎಂದ ಆಮೇಲೆ. "ಹಗ್ಗ ಕಟ್ಟಿ ಬರ್ತೀನಿ, ಅರ್ಧ ಗಂಟೆ ತಡೀರಿ ಅಂದಿದ್ರೆ ಪಾದ್ರಿ ತಡೀತಿದ್ರು. ನಾನೇ ಹೇಳ್ಲಿಲ್ಲ. ಅಮ್ಮನ್ನ ನಿಂಗೋಸ್ಕರ ಕಾಯಿಸಿದ್ವಿ. ಅಪ್ಪ ದಿನಾ ಹೋಗಿ ಆ ತಣ್ಣನೆ ಕೋಣೇಲಿ ಕೂತ್ಕೊಂಡ್ ಬರೋನು. ಅವನನ್ನೂ ಹಾಗೆ ಬಿದ್ದಿರು ಅನ್ನೋಕೆ ನಂಗೆ ಮನಸ್ಸು ಬರ್ಲಿಲ್ಲ."

"ನನ್ನ ಜಾಗಕ್ಕೆ ಯಾರು?"

"ಯಾರೂ ಇಲ್ಲ. ಮಾತು ಕೊಟ್ಟಿದ್ನಲ್ಲ. ಐದೇ ಜನ ಹೊತ್ವಿ."

ಗುನ್ವೋರ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಣ್ಣ ಮುಂದೆ ಕಟ್ಟಿತು: ಚರ್ಚಿನ ಬಾಗಿಲಿನಿಂದ ಐದು ಜನ, ಒಂದು ಕಡೆಗೆ ವಾಲಿದ ಪೆಟ್ಟಿಗೆ, ಮುಂದಿನ ಎಡಗಡೆ ಯಾರೂ ಮುಟ್ಟದೆ ಅಲ್ಲಾಡುವ ಹಿಡಿ. ಎರಡೂ ಬದಿಯಲ್ಲಿ ನಿಂತ ಊರು. ಅಷ್ಟೂ ಜನ ಅದನ್ನೇ ನೋಡಿರಬೇಕು. ಪಕ್ಕದ ಮನೆಯವನಿಗಾದರೂ ಕೊಟ್ಟಿದ್ದರೆ ಅವಳು ಬಂದಿಲ್ಲವೆಂಬುದು ಅರ್ಧ ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ. ತಮ್ಮ ಮಾತು ಉಳಿಸಿಕೊಂಡಿದ್ದ, ಮತ್ತು ಆ ಮಾತಿನಿಂದಲೇ ಅವಳನ್ನು ಹೂತಿದ್ದ. ಬೇಕೆಂದೇ ಮಾಡಿದನೋ ಇಲ್ಲವೋ, ಅದನ್ನು ಅವನ ಮುಖ ಹೇಳಲಿಲ್ಲ.

"ಎಲ್ಲಾ ಊರಿನ ಹಾಲ್‌ನಲ್ಲಿ ಕಾಫಿಗೆ ಕೂತಿದಾರೆ," ಎಂದ ಓಡ್ಲೈಫ್. "ಗುಂಡೀನೂ ಇನ್ನೂ ಪೂರ್ತಿ ಮುಚ್ಚಿಲ್ಲ. ಬರೋದಾದ್ರೆ ಬಾ. ಹಲಗೆ ಎತ್ಬೇಕು."

ಇಳಿದು ಹತ್ತು ಹೆಜ್ಜೆ ನಡೆದರೆ ರಸ್ತೆ. ರಸ್ತೆ ಹತ್ತಿದರೆ ಚರ್ಚು. ಒಂದು ಹಿಡಿ ಮಣ್ಣು ಹಾಕುವುದಕ್ಕೆ ಇನ್ನೂ ತಡವಾಗಿರಲಿಲ್ಲ. ಆದರೆ ಹಾಲ್‌ನ ಬಾಗಿಲು ತೆಗೆದಾಗ ತಿರುಗುವ ಮುಖಗಳು, ಸದ್ದಿಲ್ಲದೆ ಕೆಳಗಿಳಿಯುವ ಕಾಫಿ ಬಟ್ಟಲುಗಳು, ಯಾರೂ ಏನೂ ಅನ್ನದೆ ಅವಳಿಗೆ ಒಂದು ಕುರ್ಚಿ ಎಳೆದು ಕೊಡುವುದು. ಬೈದರೆ ತಡೆದುಕೊಂಡಾಳು, ಆ ಕುರ್ಚಿಯನ್ನು ತಡೆದುಕೊಳ್ಳಲಾರಳು. ಅವಳ ಕಾಲು ಹಲಗೆಯ ಮೇಲೆ ಬರಲಿಲ್ಲ.

ಓಡ್ಲೈಫ್ ಇನ್ನೊಂದು ಗಳಿಗೆ ಕಾದ. ಅದು ಅವನು ನಿಜವಾಗಿ ಕಾದದ್ದು. ಆಮೇಲೆ ಹಡಗಿನವರಿಗೆ ಕೈ ಮಾಡಿದ, ಹಲಗೆ ಮೇಲೆ ಹೋಯಿತು. ಕುಣಿಕೆ ಬಿಚ್ಚಿ ಹಗ್ಗವನ್ನು ನೀರಿಗೆ ಬಿಟ್ಟ, ಕಿತ್ತಳೆ ಅಂಗಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ತಿರುಗಿ ನೋಡದೆ ರಸ್ತೆ ಹತ್ತಿ ಹೋದ.

ಊಟದ ಮನೆಯಲ್ಲಿ ಹೆಡ್ವಿಗ್ ಅವಳನ್ನು ಕಂಡು ಬೆರಗಾದಳು. "ನೀವು ಇಲ್ಲೇ ಇಳೀಬೇಕಿತ್ತಲ್ವಾ?"

"ಅಪ್ಪನ ಅಂತ್ಯಕ್ರಿಯೆ ಇತ್ತು," ಎಂದಳು ಗುನ್ವೋರ್. "ಹಡಗು ತಡವಾಯ್ತು."

ಹೆಡ್ವಿಗ್‌ಳ ಕಣ್ಣು ತುಂಬಿತು. ಸಾರು ಕುಡಿಸಲು ಹೋಗಿ ಒಬ್ಬ ಮಗಳಿಗೆ ಹೀಗೆ ಮಾಡಿದರಲ್ಲ ಎಂದು ಅವಳು ಮೇಜಿನವರಿಗೆಲ್ಲ ಹೇಳಿದಳು, ಮೇಜಿನವರು ಪಕ್ಕದ ಮೇಜಿನವರಿಗೆ ಹೇಳಿದರು, ಎಲ್ಲರೂ ಸೇರಿ ಕ್ಯಾಪ್ಟನ್‌ನನ್ನು ಬೈದರು. ಬರ್ಗನ್‌ಗೆ ಮರಳಿದ ಮೇಲೂ ಕೇಳಿದವರಿಗೆಲ್ಲ ಅವಳು ಅದನ್ನೇ ಹೇಳಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ.