ದೇವರ ಗಂಟೆ, ಸರ್ಕಾರದ ಗಂಟೆ

ಯುರಿದಿಯಾಳ ಕಾಲು ಒಂದು ಕಡೆ ನಿಲ್ಲುವಂಥದ್ದಲ್ಲ. ಬೆನ್ನಿಗೆ ಚೀಲ ಏರಿಸಿಕೊಂಡು ಮೆಕ್ಸಿಕೋ ನಗರದ ಮನೆ ಬಿಟ್ಟು ಏಳು ತಿಂಗಳಾಗಿತ್ತು. ಒಂದೂರಲ್ಲಿ ಮೂರು ದಿನ ಕಳೆದರೆ ಅದೇ ಹೆಚ್ಚು. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದಳು: ತಾರಸಿಯ ಮೇಲೆ ನಿಂತು ಬೀದಿಗೆಲ್ಲ ಬೊಗಳುವ ನಾಯಿಗಳು, ಹೋಟೆಲಿನಲ್ಲಿ ಉಂಡು ಎದ್ದವರು ಇನ್ನೂ ಉಣ್ಣುತ್ತಿರುವ ಗುರುತಿಲ್ಲದವರಿಗೂ 'ಚೆನ್ನಾಗಿ ಊಟ ಮಾಡಿ' ಅಂದು ಹೋಗುವುದು. ನೋಡುವ ಕಣ್ಣಿತ್ತು, ಕೂರುವ ತಾಳ್ಮೆ ಇರಲಿಲ್ಲ.

ಇವತ್ತು ಮಾತ್ರ ಅವಳು ಸಂಜೆಯೊಳಗೆ ಓಹಾಕಾ ನಗರ ತಲುಪಲೇಬೇಕು. ತಮ್ಮ ಎಲಿಸೆಯೊ ಅಲ್ಲಿಂದ ರಾತ್ರಿ ಏಳರ ಬಸ್ಸಿಗೆ ಅಮೆರಿಕದ ಗಡಿಯ ಕಡೆ ಹೊರಟಿದ್ದ. ಕಾಗದಪತ್ರವಿಲ್ಲದೆ ಆಚೆ ದಾಟಿದವನು ಮತ್ತೆ ಯಾವ ಕಾಲಕ್ಕೆ ಬರುತ್ತಾನೋ. ಈ ಬೆಟ್ಟದೂರಿಂದ ದಿನಕ್ಕೆ ಒಂದೇ ಬಸ್ಸು, ಹನ್ನೆರಡಕ್ಕೆ.

ಅವಳು ಚೌಕಕ್ಕೆ ಓಡಿ ಬಂದಾಗ ಫೋನಿನಲ್ಲಿ ಹನ್ನೆರಡೂ ಇಪ್ಪತ್ತು. ಚರ್ಚಿನ ಮೆಟ್ಟಿಲ ಮೇಲೆ ದೋನ್ಯಾ ಕಾಂಡಿದಾ ಎಂಬ ಮುದುಕಿ ಗಂಟುಮೂಟೆ ಇಟ್ಟುಕೊಂಡು ಕೂತಿದ್ದಳು.

"ಬಸ್ ಹೋಯ್ತಾ ಅಜ್ಜಿ?"

"ಇಲ್ಲ ಮಗಳೇ, ಹನ್ನೆರಡಕ್ಕೆ. ಇನ್ನೂ ಹೊತ್ತಿದೆ, ಕೂತ್ಕೊ."

"ಹೋಗಿದ್ರೆ ಹೋಗಿದೆ ಅಂತ ಹೇಳ್ಬಿಡಿ."

"ಹೋಗಿದ್ರೆ ನನಗೇನು ಹುಚ್ಚಾ, ಬಿಸಿಲಲ್ಲಿ ಕೂರೋಕೆ? ಆ ಹೊರೆನಾದ್ರೂ ಇಳಿಸು, ಕತ್ತೆ ಥರ ಹೊತ್ಕೊಂಡು ನಿಂತಿದ್ದೀಯ!"

ಈ ಕಡೆಯ ಜನ ಎದುರಿನವರ ಮನಸ್ಸು ನೋಯುತ್ತದೆಂದು 'ಇಲ್ಲ' ಅನ್ನುವುದೇ ಇಲ್ಲ, ಇದೂ ಅಂಥದ್ದೇ ಅಂದುಕೊಂಡಳು. ಐದು ನಿಮಿಷ ಅತ್ತಿಂದಿತ್ತ ಸುತ್ತಿದಳು. ಗುಡ್ಡ ಹತ್ತಿ ಇಳಿದರೆ ಹೆದ್ದಾರಿಯಂತೆ, ಯಾವುದಾದರೂ ಲಾರಿ ಸಿಕ್ಕೀತು. ಅಜ್ಜಿ ಹಿಂದಿನಿಂದ ಕೂಗುತ್ತಿದ್ದಂತೆಯೇ ಕಾಲುದಾರಿ ಹಿಡಿದಳು.

ಗುಡ್ಡದ ನೆತ್ತಿ ಸೇರಿದಾಗ ಕೆಳಗೆ ಚರ್ಚಿನ ಗಂಟೆ ಬಾರಿಸಿತು. ಎಣಿಸಿದಳು: ಹನ್ನೆರಡು. ಫೋನ್ ನೋಡಿದಳು: ಒಂದು.

ಆಗ ಹೊಳೆಯಿತು. ಆಗಿನ್ನೂ ಬೇಸಿಗೆಯಲ್ಲಿ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತಿತ್ತು. ಬೆಟ್ಟದವರು ತಳ್ಳುತ್ತಿರಲಿಲ್ಲ, ಅವರದು ದೇವರ ಗಂಟೆ. ಅದನ್ನು ಮೊನ್ನೆಯಷ್ಟೇ ದೊಡ್ಡ ಜಾಣೆಯಂತೆ ಬರೆದುಕೊಂಡಿದ್ದಳು. ಕೆಳಗೆ ಬಸ್ಸು ಬಂದು ನಿಂತಿತು. ಎಲ್ಲರೂ ಹತ್ತಿದ ಮೇಲೂ ಯಾರೋ, ಆ ಅಜ್ಜಿಯೇ ಇರಬೇಕು, ಅದನ್ನು ತಡೆದು ನಿಲ್ಲಿಸಿಕೊಂಡಿದ್ದರು. ಹಾರ್ನ್ ಮೇಲೆ ಹಾರ್ನ್ ಆಯಿತು. ಇವಳು ಇಳಿಜಾರಿನಲ್ಲಿ ಬಿದ್ದು ಎದ್ದು ಓಡಿದಳು. ಕೊನೆಗೆ ಬಸ್ಸು ಧೂಳೆಬ್ಬಿಸಿ ಹೊರಟೇಹೋಯಿತು.

ಅಷ್ಟರಲ್ಲಿ ಫೋನ್ ರಿಂಗಾಯಿತು. ತಮ್ಮ.

"ನಾಯಿ, ನೊಣ ಎಲ್ಲಾ ನೋಡ್ತೀಯ, ನನ್ನ ಮುಖ ನೋಡೋಕೆ ಮಾತ್ರ ನಿನಗೆ ಪುರುಸೊತ್ತಿಲ್ಲ. ಬಸ್ ಸಿಕ್ತು ತಾನೇ?"

"ಸಿಕ್ತು ಕಣೋ. ಇಗೋ, ಬಂದೆ."

ಸುಳ್ಳು ಬಾಯಿಂದ ಜಾರಿತ್ತು. ಅವಳಿಗೆ ನಾಚಿಕೆಯಾಯಿತು, ಅಳು ಬಂತು.

"ಆರಕ್ಕೆಲ್ಲ ಬಂದ್ಬಿಡ್ತೀಯ ಹಾಗಾದ್ರೆ," ಅಂದ ಎಲಿಸೆಯೊ. ದನಿಯಲ್ಲಿ ಕೀಟಲೆ ಇರಲಿಲ್ಲ. "ಒಂದು ಗಂಟೆ ಕೂತು ಮಾತಾಡೋಣ ಅಕ್ಕಾ. ಒಂದು ಗಂಟೆ ಸಾಕು ನನಗೆ."