ಯಾಲ್ಮಾರಿಗೆ ಕೊಟ್ಟ ನಂಬರು

ಬೋಚ್ ಬೆಟ್ಟದ ಮೇಲೆ ಅಂದು ಒಂದು ತುಣುಕು ಮೋಡವೂ ಇರಲಿಲ್ಲ. ಅಂಥ ದಿನವೇ ಬೇಕೆಂದು ಅಪ್ಪ ವಾರವಿಡೀ ಕಿಟಕಿಯಲ್ಲಿ ಇಣುಕಿದ್ದ. ಅವನ ಮಂಡಿ ಸೋತ ಮೇಲೆ ರೇಡಿಯೊ, ಬ್ಯಾಟರಿ, ತಂತಿ, ಅದನ್ನೆತ್ತಿ ಕಟ್ಟುವ ಗಳ ಎಲ್ಲ ನನ್ನ ಬೆನ್ನಿಗೇ. ಬೇಕರಿಯ ರಾತ್ರಿ ಪಾಳಿ ಮುಗಿಸಿ, ಮಗನನ್ನು ಪಕ್ಕದ ಮನೆಗೆ ಒಪ್ಪಿಸಿ, ನಿದ್ದೆಗಣ್ಣಲ್ಲೇ ಹತ್ತುತ್ತಿದ್ದೆ.

"ಮೆಲ್ಲಗೆ ಹತ್ತೇ ತದೇಯಾ, ಬ್ಯಾಟರಿ ಅಲ್ಲಾಡ್ತಿದೆ," ಎಂದ ಅಪ್ಪ ಹಿಂದಿನಿಂದ.

"ನಾನು ಅಲ್ಲಾಡ್ತಿರೋದು ಕಾಣಲ್ವಾ ನಿಂಗೆ?"

"ನೀನು ಹಳೇದು. ಬ್ಯಾಟರಿ ಹೊಸದು ಕಣೇ."

ಮಾರಿಬೋರಿನ ನಮ್ಮ ಫ್ಲ್ಯಾಟಿನಲ್ಲಿ ರೇಡಿಯೊ ಹಚ್ಚಿದರೆ ಲಿಫ್ಟಿನದು, ಟೀವಿಗಳದು, ಯಾವುದ್ಯಾವುದರದೋ ಗುರುಗುಟ್ಟುವಿಕೆ ಬಿಟ್ಟು ಬೇರೇನೂ ಕೇಳದು. ಅದಕ್ಕೇ ಭಾನುವಾರ ಬಂತೆಂದರೆ ಬೆಟ್ಟ. ಫಿನ್ಲೆಂಡಿನ ಯಾಲ್ಮಾರಿ ಅಪ್ಪನಿಗೆ ರೇಡಿಯೊದಲ್ಲಿ ಸಿಕ್ಕಿದ್ದು ನಾನು ತೊಟ್ಟಿಲಲ್ಲಿದ್ದಾಗ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ, ದನಿ ಕೇಳಿಲ್ಲ. ಅವನ ಭಾಷೆ ಇವನಿಗೆ ಬಾರದು, ಇವನದು ಅವನಿಗೆ ಬಾರದು. ಇರುವುದು ಟಿಕ್ ಟಿಕ್ ಎಂದು ಕುಟ್ಟಿ ಅಕ್ಷರ ಕಳಿಸುವ ಮೋರ್ಸ್ ಒಂದೇ. ಅದರಲ್ಲೂ ರೇಡಿಯೊದವರ ತುಂಡು ಮಾತು: ಬಿಸಿಲಿದೆ, ಮಳೆಯಿದೆ, ಮೊಮ್ಮಗ ಹುಟ್ಟಿದ. ಅಮ್ಮ ತೀರಿಕೊಂಡಾಗ ಅಪ್ಪ ಬಾಯಿಬಿಟ್ಟು ಯಾರಿಗೂ ಏನೂ ಹೇಳಲಿಲ್ಲ. ಯಾಲ್ಮಾರಿಗೆ ಮಾತ್ರ ಬೆರಳಲ್ಲಿ ಹೇಳಿದ.

ಹೋದ ಭಾನುವಾರ ಯಾಲ್ಮಾರಿ ಬಹಳ ನಿಧಾನವಾಗಿ ಕುಟ್ಟಿದ್ದ. ಮನೆ ಮಾರಿದೆ. ಹೊಸ ಫ್ಲ್ಯಾಟಿನಲ್ಲಿ ಆಂಟೆನಾ ಹಾಕಲು ಬಿಡುವುದಿಲ್ಲ. ಮುಂದಿನ ಭಾನುವಾರ ನಿಮ್ಮ ಹನ್ನೆರಡು ಗಂಟೆಗೆ ಹಳೇ ಮನೆಯ ಆಂಟೆನಾ ಕಂಬ ಇಳಿಸುತ್ತಾರೆ. ಅದೇ ಕಡೇದು.

ಅಪ್ಪ "ಸರಿ" ಅಂತಷ್ಟೇ ಕುಟ್ಟಿ ಎದ್ದುಬಿಟ್ಟಿದ್ದ. ಹೇಳಬೇಕಾದ್ದನ್ನೆಲ್ಲ ಈ ಭಾನುವಾರಕ್ಕೆ ಇಟ್ಟುಕೊಂಡಿದ್ದ.

ತುದಿ ಮುಟ್ಟಿ ತಂತಿ ಎತ್ತಿ ಕಟ್ಟಿದೆ. ಸ್ಪೀಕರಿನಲ್ಲಿ ಇಡೀ ಯುರೋಪು ಗಿಜಿಗುಟ್ಟಿತು. ಅಪ್ಪ ಬಂಡೆಗೆ ಒರಗಿ, ಮೋರ್ಸ್ ಕೀಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಿಯ ತೋಳು ಮಡಚಿದ. ಅಷ್ಟರಲ್ಲಿ ಆ ಗಲಾಟೆ ಇಳಿಯತೊಡಗಿತು. ಇಳಿದು, ಇಳಿದು, ನಿಂತೇಹೋಯಿತು. ಸಂತೆ ಇದ್ದಲ್ಲಿ ಬರೀ ಬಯಲು.

"ತಂತಿ ತುಳಿದ್ಯಾ?"

"ಇಲ್ಲಪ್ಪ."

"ಗಂಟು ಸರಿ ಹಾಕಿಲ್ಲ ನೀನು. ಇಳಿಸು."

ಇಳಿಸಿದೆ. ಬೆಸುಗೆ ನೋಡಿದ, ಬ್ಯಾಟರಿ ನೋಡಿದ, ಎಲ್ಲ ನೆಟ್ಟಗಿತ್ತು. ಮತ್ತೆ ಏರಿಸಿದೆ. ಮತ್ತೆ ಅದೇ ಮೌನ. ಬಿಸಿಲು ಕತ್ತು ಸುಡುತ್ತಿತ್ತು.

ಬೆಟ್ಟದ ಹೋಟೆಲಿನ ಝ್ದೆಂಕೊ ಅಪ್ಪನ ರೇಡಿಯೊ ಕ್ಲಬ್ಬಿನ ಗೆಳೆಯ. ಒಂದು ಕೈಯಲ್ಲಿ ಚಹಾದ ಜಗ್ಗು, ಇನ್ನೊಂದರಲ್ಲಿ ಮೊಬೈಲು ಹಿಡಿದು ಏದುಸಿರು ಬಿಡುತ್ತ ಬಂದ.

"ಪಾಪ ಆ ತಂತೀನ ಬಿಟ್ಬಿಡೋ ಬೊಗೋಮಿರ್. ತಪ್ಪು ಅದರದ್ದಲ್ಲ, ಸೂರ್ಯಂದು. ಅಲ್ಲೇನೋ ದೊಡ್ಡದಾಗಿ ಸಿಡಿದಿದೆಯಂತೆ. ಬಿಸಿಲು ಬಿದ್ದಿರೋ ಕಡೆಯೆಲ್ಲಾ ಶಾರ್ಟ್‌ವೇವ್ ಸತ್ತು ಮಲಗಿದೆ."

"ಎಷ್ಟೊತ್ತು?"

"ಅರ್ಧ ಗಂಟೆ, ಒಂದು ಗಂಟೆ... ಯಾರಿಗ್ಗೊತ್ತು?"

"ಹನ್ನೆರಡಕ್ಕೆ ಕಂಬ ಇಳಿಸ್ತಾರೋ!"

"ಹಾಗಾದ್ರೆ ಅವನ ಹತ್ರಾನೇ ಜಗಳ ಆಡು," ಎಂದು ಝ್ದೆಂಕೊ ಮೇಲಕ್ಕೆ ಕೈ ತೋರಿಸಿದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

"ಅಪ್ಪ, ನಂಬರ್ ಹುಡುಕಿ ಫೋನ್ ಮಾಡೋಣ್ವಾ?"

"ಮಾಡಿ? ಇಬ್ಬರೂ ಉಸಿರು ಬಿಡೋದನ್ನ ಕೇಳಿಸ್ಕೊಂಡು ಕೂರೋದಾ?"

"ಕಾಗದ ಬರಿ ಮತ್ತೆ. ಅವರ ಭಾಷೆಗೆ ನನ್ನ ಮೊಬೈಲು ತಿರುಗಿಸುತ್ತೆ."

"ಅದು ನಿನ್ನ ಮೊಬೈಲು ಬರೆದ ಕಾಗದ ಆಗುತ್ತೆ. ಅವನಿಗೆ ಗೊತ್ತಿರೋದು ನನ್ನ ಕೈ."

ನಾನು ನನ್ನ ಟೋಪಿ ತೆಗೆದು ಅವನ ತಲೆಗೆ ಇಟ್ಟೆ.

ಅಪ್ಪ ಕುಟ್ಟಲು ಶುರುಮಾಡಿದ. ಉತ್ತರಕ್ಕೆ ಕಾಯದೆ, ಎದುರಿಗೆ ಯಾಲ್ಮಾರಿ ಕೂತಿದ್ದಾನೆ ಎಂಬಂತೆ. ಮೊದಲು ರೇಡಿಯೊದಲ್ಲಿ ಗುರುತು ಹೇಳುವ ಅವನ ಕರೆ ಹೆಸರು, ತನ್ನ ಕರೆ ಹೆಸರು. ಆಮೇಲೆ ನಂಬರು ಬರಬೇಕು. ಎದುರಿನವನು ಎಷ್ಟು ಚೆನ್ನಾಗಿ ಕೇಳಿಸಿದ ಎಂದು ರೇಡಿಯೊದವರು ಕೊಡುವ ನಂಬರು. ಎಲ್ಲರೂ ಮುಲಾಜಿಗೆ ಐದು-ಒಂಬತ್ತು-ಒಂಬತ್ತು ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಅದಕ್ಕಿಂತ ಮೇಲಿಲ್ಲ. ಅಪ್ಪ ಮಾತ್ರ ಕೇಳಿಸಿದಷ್ಟೇ ಕೊಡುವವನು. "ಇವನ ಹತ್ರ ಒಳ್ಳೇ ನಂಬರ್ ಬೇಕಂದ್ರೆ ಇವನ ಮಡಿಲಲ್ಲೇ ಕೂತು ಕುಟ್ಬೇಕು," ಅಂತ ಝ್ದೆಂಕೊ ಕ್ಲಬ್ಬಿನಲ್ಲಿ ಆಡಿಕೊಳ್ಳುತ್ತಿದ್ದ. ಯಾಲ್ಮಾರಿಗೂ ಇಷ್ಟು ವರ್ಷದಲ್ಲಿ ಆ ಪೂರ್ತಿ ನಂಬರು ಒಮ್ಮೆಯೂ ಸಿಕ್ಕಿರಲಿಲ್ಲ.

ಅಪ್ಪನ ಬೆರಳು ಕೀಯ ಮೇಲೆ ನಿಂತಿತು. ಸ್ಪೀಕರಿನಲ್ಲಿ ಏನೂ ಇಲ್ಲ. ಝ್ದೆಂಕೊ ಚಹಾದ ಜಗ್ಗನ್ನು ನೆಲಕ್ಕಿಟ್ಟ.

ಐದು. ಒಂಬತ್ತು. ಒಂಬತ್ತು.

ಆಮೇಲೆ ಅವನ ಕೈ ತಡೆಯಲಿಲ್ಲ. ಬಿಸಿಲಿದೆ, ಮಗಳು ಜೊತೆಗಿದ್ದಾಳೆ, ಮಂಡಿ ಕೆಟ್ಟಿದೆ, ನೀನು ಒಳ್ಳೆಯ ಗೆಳೆಯ, ವಂದನೆ, ವಂದನೆ. ಕೊನೆಯ ವಂದನೆಯ ನಡುವೆಯೇ ಕೆಳಗಿನ ಪೋಲ್ಚಾನೆ ಊರಿನಿಂದ ಇಗರ್ಜಿಯ ಹನ್ನೆರಡರ ಗಂಟೆ ಕೇಳಿಬಂತು. ಅಪ್ಪ ಪೂರ್ತಿ ಮುಗಿಸಿಯೇ ಕೈ ತೆಗೆದ.

"ಕಂಬ ಇಳಿಸೋ ಕೆಲಸದವರು ತಾನೆ," ಎಂದ ಝ್ದೆಂಕೊ. "ಕಾಫಿ ಕುಡಿದು ತಡಮಾಡ್ತಾರೆ. ಇನ್ನೊಂಚೂರು ಕರೆದು ನೋಡು."

ಅಪ್ಪ ಕರೆದ. ಚಹಾ ಆರಿತು. ಮತ್ತೆ ಕರೆದ. ಗಳದ ನೆರಳು ನಮ್ಮ ಪಾದ ಬಿಟ್ಟು ಇನ್ನೊಂದು ಕಡೆಗೆ ಜರುಗಿತು. ಆಗ ಸ್ಪೀಕರಿನಲ್ಲಿ ಸೊಳ್ಳೆಯಂಥದೊಂದು ದನಿ ಎದ್ದಿತು. ಮೂವರೂ ಒಟ್ಟಿಗೆ ಬಾಗಿದೆವು.

ಯಾರೋ ಪೋರ್ಚುಗಲ್ಲಿನವನು. ಅಪ್ಪನಿಗೆ ಪೂರ್ತಿ ನಂಬರು ಕೊಟ್ಟು, ನಿಮ್ಮಲ್ಲಿ ಹವೆ ಹೇಗಿದೆ ಎಂದು ಕೇಳಿದ. ಕರೆದವನಿಗೆ ಉತ್ತರಿಸದೆ ಇರುವುದು ಅಪ್ಪನಿಗೆ ಗೊತ್ತಿಲ್ಲ. ಬಿಸಿಲಿದೆ ಎಂದು ಕುಟ್ಟಿದ. ಅವನಿಗೆ ಮೂರು-ಮೂರು-ಒಂಬತ್ತು ಕೊಟ್ಟ, ಕೇಳಿಸಿದಷ್ಟೇ. ಆಮೇಲೆ ಮತ್ತೊಮ್ಮೆ ಯಾಲ್ಮಾರಿಯನ್ನು ಕರೆದ. ರೇಡಿಯೊದಲ್ಲಿ ಅವನ ಜಾಗ ಖಾಲಿಯಿತ್ತು.

ನಾನು ಗಳ ಇಳಿಸಿ ತಂತಿ ಸುತ್ತತೊಡಗಿದೆ. ಅಪ್ಪ ಒಂದು ಹುಲ್ಲಿನೆಳೆ ಕಿತ್ತು ಗಾಳಿಗೆ ಬಿಟ್ಟ. ಅದು ನೆಟ್ಟಗೆ ಅವನ ಬೂಟಿನ ಮೇಲೆ ಬಿತ್ತು.

"ಗಾಳಿ ಇಲ್ಲ," ಎಂದ. "ಅಲ್ಲೂ ಹೀಗೇ ಇದ್ರೆ, ಕಂಬ ಇಳಿಸೋಕೆ ಒಳ್ಳೇ ದಿನ."